ವಿಡಿಯೊ ನೋಡಿ ರಿಪೋರ್ಟ್ ಬರೆಯಬೇಕಾ, ಬರೆದ ಮೇಲೆ ನೋಡಬೇಕಾ?

ಶಾಲ್ಮಲಾ_22: ನಾನು ಕಾನೂನು ಓದುತ್ತಿದ್ದೇನೆ. ಅಮೆರಿಕದ ಎಷ್ಟೋ ಊರುಗಳಲ್ಲಿ ಪೊಲೀಸರು ತಮ್ಮ ಬಾಡಿ ಕ್ಯಾಮೆರಾದ (ಅಂಗಿಗೆ ಸಿಕ್ಕಿಸಿಕೊಳ್ಳುವ ಕ್ಯಾಮೆರಾ) ವಿಡಿಯೊ ನೋಡಿಕೊಂಡೇ ರಿಪೋರ್ಟ್ ಬರೆಯಬಹುದು. ನೆನಪು ಕೈಕೊಡುತ್ತದೆ, ನೋಡಿ ಬರೆದರೆ ತಪ್ಪಿರುವುದಿಲ್ಲ ಅನ್ನುವುದು ಅವರ ವಾದ. ಆದರೆ ಕಣ್ಣಾರೆ ಕಂಡ ದಾರಿಹೋಕನಿಗೆ ಯಾರೂ ವಿಡಿಯೊ ತೋರಿಸಿ ಹೇಳಿಕೆ ತಗೊಳ್ಳುವುದಿಲ್ಲ ಅಲ್ವಾ? ನಿಮಗೇನು ಅನಿಸುತ್ತದೆ?

ಗುಡ್ಡದಮನೆ: ಮೊದಲು ಬರೆಯಲಿ. ಚಿಕಾಗೊದಲ್ಲಿ 2014ರಲ್ಲಿ 17 ವರ್ಷದ ಲಕ್ವಾನ್ ಮೆಕ್‌ಡೊನಾಲ್ಡ್ ಅನ್ನುವ ಹುಡುಗನಿಗೆ ಒಬ್ಬ ಪೊಲೀಸ್ 16 ಗುಂಡು ಹೊಡೆದ. ಚಾಕು ಬೀಸುತ್ತಾ ಮೇಲೆ ಬಂದ ಅಂತ ಪೊಲೀಸರು ಬರೆದಿದ್ದರು. ಮರುವರ್ಷ ಕೋರ್ಟ್ ಹೇಳಿದ ಮೇಲೆ ಪೊಲೀಸ್ ಕಾರಿನ ಕ್ಯಾಮೆರಾದ ವಿಡಿಯೊ ಹೊರಬಂತು, ನೋಡಿದರೆ ಹುಡುಗ ದೂರ ಸರಿದು ನಡೆಯುತ್ತಿದ್ದ. ಬರಹ ಬೇರೆಯೇ ಇದ್ದದ್ದರಿಂದಲೇ ಸುಳ್ಳು ಕಣ್ಣಿಗೆ ಬಿತ್ತು. ಗುಂಡು ಹೊಡೆದವನು ಅಪರಾಧಿ ಅಂತ 2018ರಲ್ಲಿ ತೀರ್ಪಾಯಿತು. ಮುಚ್ಚಿಹಾಕಿದ ಆರೋಪ ಹೊತ್ತ ಮೂವರು ಮಾತ್ರ ಖುಲಾಸೆಯಾದರು, ಅದು ನನಗೆ ಈಗಲೂ ನುಂಗಲಾಗದ ತುತ್ತು.

ಹಳೇಬೇರು: ವಿಡಿಯೊನೂ ಪೂರ್ತಿ ಸತ್ಯ ಅಲ್ಲ. ಬಾಲ್ಟಿಮೋರ್‌ನಲ್ಲಿ 2017ರಲ್ಲಿ ಒಬ್ಬ ಪೊಲೀಸ್ ಗಲ್ಲಿಯ ಕಸದ ನಡುವೆ ಡಬ್ಬಿಯೊಳಗೆ ಡ್ರಗ್ಸ್ ಇಟ್ಟು, ರಸ್ತೆಗೆ ಹೋಗಿ, ಬಾಡಿ ಕ್ಯಾಮೆರಾದ ಬಟನ್ ಒತ್ತಿ, ವಾಪಸ್ ಬಂದು ಹುಡುಕಿ 'ಸಿಕ್ಕಿತು' ಅಂದ. ಆ ಕ್ಯಾಮೆರಾ ಬಟನ್ ಒತ್ತುವ ಮುಂಚಿನ 30 ಸೆಕೆಂಡನ್ನೂ ಉಳಿಸಿಕೊಳ್ಳುತ್ತದೆ, ಶಬ್ದ ಇಲ್ಲದೆ. ಅವನಿಗೆ ಅದು ಹೊಳೆದಿರಲಿಲ್ಲ. ಆ 30 ಸೆಕೆಂಡ್ ಇಲ್ಲದಿದ್ದರೆ ವಿಡಿಯೊ, ರಿಪೋರ್ಟ್ ಎರಡೂ ಒಂದೇ ಸುಳ್ಳು ಹೇಳುತ್ತಿದ್ದವು.

ನೇಗಿಲಗೆರೆ: ನಮ್ಮ ಕಡೆಯದ್ದೂ ಒಂದು ಮಾತು. ನನ್ನನ್ನು ಒಮ್ಮೆ ಪೊಲೀಸರು ಪಂಚನಾಗಿ, ಅಂದರೆ ಸ್ಥಳದ ಸಾಕ್ಷಿಯಾಗಿ, ಕರೆದಿದ್ದರು. ಹೋಗುವಷ್ಟರಲ್ಲಿ ಮಹಜರು (ಸ್ಥಳದಲ್ಲಿ ಕಂಡದ್ದರ ದಾಖಲೆ) ಬರೆದಾಗಿತ್ತು, ಸಹಿ ಜಾಗದಲ್ಲಿ ಪೆನ್ಸಿಲ್‌ನಲ್ಲಿ ಗುರುತು ಬೇರೆ. ಸುಮ್ನೆ ಸಹಿ ಹಾಕಿ ಬಂದೆ, ಇವತ್ತಿಗೂ ಅದು ಮನಸ್ಸನ್ನು ಕೊರೆಯುತ್ತದೆ. 2024ರ ಜುಲೈನಿಂದ, ಸಿಆರ್‌ಪಿಸಿ ಜಾಗಕ್ಕೆ ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ ಕಲಂ 105ರ ಪ್ರಕಾರ ಶೋಧ, ಜಪ್ತಿ ಎಲ್ಲವನ್ನೂ ವಿಡಿಯೊ ಮಾಡಲೇಬೇಕು, ಮೊಬೈಲ್‌ನಲ್ಲಾದರೂ ಸರಿ. ಆದರೆ ಮಹಜರನ್ನು ಯಾವಾಗ, ಎಲ್ಲಿ ಕೂತು ಬರೆದರು ಅನ್ನುವುದೂ ಆ ವಿಡಿಯೊದಲ್ಲೇ ಕಾಣಬೇಕು.

ಶಾಲ್ಮಲಾ_22: ಹಾಗಾದರೆ ಮೊದಲು ಬರೆದದ್ದನ್ನು ಮುಟ್ಟದೆ, ವಿಡಿಯೊ ನೋಡಿದ ಮೇಲೆ ಬೇರೆ ಹಾಳೆಯಲ್ಲಿ ಸೇರಿಸಲು ಬಿಟ್ಟರೆ?

ಗುಡ್ಡದಮನೆ: ಅದೇ ಸರಿ. ಎರಡಕ್ಕೂ ಸಮಯ ಹಾಕಿ ಸಹಿ ಮಾಡಲಿ, ಎರಡೂ ಆರೋಪಿಯ ವಕೀಲರ ಕೈಗೆ ಸಿಗಲಿ.