ಕ್ರಿಸ್‌ಮಸ್ ರಾತ್ರಿ ಪೂಜೆ: ಹೋಸ್ಟ್ ಎಷ್ಟಿಡಬೇಕು, ಸಾಲು ಹೇಗೆ ನಿಲ್ಲಿಸಬೇಕು?

ಪ್ರಶ್ನೆ: ನಮ್ಮ ಕ್ಯಾಥೊಲಿಕ್ ಚರ್ಚಿನಲ್ಲಿ 24ರ ರಾತ್ರಿ ಪೂಜೆಯ ಪರಮಪ್ರಸಾದದ ಏರ್ಪಾಡು ಈ ಸಲ ನಮ್ಮ ಯುವಕರ ಪಾಲಿಗೆ ಬಂದಿದೆ. ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ), ಹಾಡಿನ ಚಿಂತೆಯಿಲ್ಲ. ಹೋಸ್ಟ್, ಅಂದರೆ ಪವಿತ್ರೀಕರಿಸಿ ಪ್ರಸಾದವಾಗಿ ಹಂಚುವ ತೆಳು ಗೋಧಿ ರೊಟ್ಟಿ, ಎಷ್ಟಿಡಬೇಕು, ನೂಕುನುಗ್ಗಲು ತಪ್ಪಿಸೋದು ಹೇಗೆ? ತಿಳಿದವರು ಹೇಳಿ.

ಉತ್ತರ: ಪವಿತ್ರೀಕರಣದ ಪ್ರಾರ್ಥನೆ ಮುಗಿದ ಮೇಲೆ ಸ್ಯಾಕ್ರಿಸ್ಟಿಯಲ್ಲಿ (ಪೂಜಾ ಸಾಮಗ್ರಿ ಇಡುವ ಕೋಣೆ) ಡಬ್ಬಿಗಟ್ಟಲೆ ಹೋಸ್ಟ್ ಇದ್ದರೂ ಪ್ರಯೋಜನವಿಲ್ಲ, ಅವು ಬರೀ ರೊಟ್ಟಿ. ಹಾಗಾಗಿ ಲೆಕ್ಕ ಕಾಣಿಕೆ ಅರ್ಪಣೆಗೆ (ರೊಟ್ಟಿ, ದ್ರಾಕ್ಷಾರಸವನ್ನು ಪೀಠಕ್ಕೆ ತರುವ ಹೊತ್ತು) ಮೊದಲೇ ಮುಗಿಯಬೇಕು. ಪ್ರಬೋಧನೆ ನಡೆಯುವಾಗ ಒಬ್ಬರು ಬೆಂಚು ಎಣಿಸಲಿ, ಹೊರಗೆ ಶಾಮಿಯಾನದಲ್ಲಿ ನಿಂತವರನ್ನೂ ಸೇರಿಸಲಿ. ಅವತ್ತು ಅನ್ಯಧರ್ಮದ ನೆರೆಹೊರೆಯವರೂ ಬರುತ್ತಾರೆ, ಅವರನ್ನು ಕಳೆಯಿರಿ. ಕಮ್ಮಿ ಬಿದ್ದರೆ ಟ್ಯಾಬರ್ನೇಕಲ್‌ನಲ್ಲಿರೋದು (ಮೊದಲೇ ಪವಿತ್ರೀಕರಿಸಿದ ಹೋಸ್ಟ್ ಕಾಪಿಡುವ ಪೆಟ್ಟಿಗೆ) ಇದೆ. ಅದೂ ಸಾಲದಿದ್ದರೆ ಫಾದರ್ ಹೋಸ್ಟ್ ಮುರಿದು ಕೊಡಬಹುದು. ಮಿಕ್ಕಿದ್ದು 25ರ ಬೆಳಗಿನ ಪೂಜೆಗೆ ಆಗುತ್ತೆ. ಟ್ಯಾಬರ್ನೇಕಲ್‌ನಲ್ಲಿರುವ ಹಳೆಯದರಲ್ಲಿ ಸ್ವಲ್ಪ ಬಿಟ್ಟು ಉಳಿದದ್ದನ್ನು ಹಿಂದಿನ ದಿನಗಳಲ್ಲೇ ಖಾಲಿ ಮಾಡಿಸಿ, ಇಲ್ಲಾಂದ್ರೆ ಮಿಕ್ಕಿದ್ದನ್ನು ಇಡೋಕೆ ಒಳಗೆ ಜಾಗ ಇರಲ್ಲ.

ಉತ್ತರ: ಸಾಲಿನದು ಸುಲಭ ಲೆಕ್ಕ. ಒಬ್ಬರಿಗೆ 5 ಸೆಕೆಂಡ್ ಅಂದರೆ 600 ಜನಕ್ಕೆ ಎರಡೇ ಕಡೆ ಹಂಚಿದರೆ 25 ನಿಮಿಷ, ನಾಲ್ಕು ಕಡೆಯಾದರೆ ಹದಿಮೂರರೊಳಗೆ. ಗೋದಲಿ ಪಕ್ಕ ಮಾತ್ರ ಹಂಚಬೇಡಿ. ಪ್ರಸಾದ ತಗೊಂಡವರು ಬಾಲಯೇಸುವನ್ನು ನೋಡ್ತಾ ಅಲ್ಲೇ ನಿಲ್ಲುತ್ತಾರೆ, ಸಾಲು ಕಟ್ಟಿಕೊಳ್ಳುತ್ತೆ. ಕೈಯಲ್ಲಿ ತಗೊಂಡವರು ಅಲ್ಲೇ ಸೇವಿಸಿದರಾ ಅಂತ ಪಕ್ಕದಲ್ಲೊಬ್ಬರು ಗಮನಿಸಬೇಕು. ಯಾರು ಸ್ವೀಕರಿಸಬಹುದು ಅನ್ನೋದನ್ನು ಮೊದಲೇ ಮೈಕ್‌ನಲ್ಲಿ ವಿನಯವಾಗಿ ಹೇಳಿಬಿಡಿ. ಸಾಲಿನ ತುದಿಯಲ್ಲಿ ತಡೆದರೆ ಬಂದವರಿಗೆ ಅವಮಾನ.

ಪ್ರಶ್ನೆ: ಉಪವಾಸ? ರಾತ್ರಿ ತಗೊಂಡವರು ಬೆಳಿಗ್ಗೆಯೂ ತಗೋಬಹುದಾ?

ಉತ್ತರ: ಪ್ರಸಾದ ಸ್ವೀಕರಿಸುವ ಹೊತ್ತಿಗೆ ಒಂದು ಗಂಟೆ ಮುಂಚೆ ಊಟ-ತಿಂಡಿ ನಿಲ್ಲಿಸಬೇಕು, ಪೂಜೆ ಶುರುವಾಗೋದಕ್ಕಲ್ಲ. ನೀರು, ಔಷಧಿಗೆ ಅಡ್ಡಿಯಿಲ್ಲ. ವಯಸ್ಸಾದವರಿಗೆ, ಕಾಯಿಲೆಯವರಿಗೆ ಈ ನಿಯಮವಿಲ್ಲ. ಬೆಳಿಗ್ಗೆ ಪೂಜೆಯಲ್ಲಿ ಪಾಲ್ಗೊಂಡರೆ ಮತ್ತೆ ಸ್ವೀಕರಿಸಬಹುದು. ಗೋಧಿ ಒಗ್ಗದವರಿಗೆ ಗ್ಲುಟೆನ್ ಪೂರ್ತಿ ತೆಗೆದದ್ದು ನಡೆಯಲ್ಲ, ಅತಿ ಕಡಿಮೆ ಇರುವ ಹೋಸ್ಟ್ ಸಲ್ಲುತ್ತೆ. ಅದನ್ನು ಬೇರೆ ಪಾತ್ರೆಯಲ್ಲಿಡಿ. ಮಾಮೂಲಿ ಹೋಸ್ಟ್ ಮುಟ್ಟಿದ ಕೈಯಲ್ಲಿ ಕೊಟ್ಟರೆ ಪುಡಿ ಅಂಟುತ್ತೆ.

ಉತ್ತರ: ಸಿಎಸ್‌ಐ (ದಕ್ಷಿಣ ಭಾರತ ಸಭೆ, ಪ್ರೊಟೆಸ್ಟಂಟ್) ಸಭೆಯವರಿಗೆ ಒಂದು ಮಾತು. ಕರ್ತನ ಭೋಜನಕ್ಕೆ (ಅವರಲ್ಲಿ ಪರಮಪ್ರಸಾದದ ವಿಧಿಗೆ ಈ ಹೆಸರು) ದ್ರಾಕ್ಷಾರಸದ ಚಿಕ್ಕ ಲೋಟ ಬಳಸೋದಾದರೆ ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ, ತಟ್ಟೆ ಎತ್ತುವಾಗಲೇ ಚೆಲ್ಲುತ್ತೆ. ಪೀಠದ ಮುಂದಿನ ಕಟಕಟೆ ಬಳಿ ಎಷ್ಟು ಜನ ಮೊಣಕಾಲೂರಬಹುದೋ ಅಷ್ಟೇ ಜನರನ್ನು ಒಂದು ಸಲಕ್ಕೆ ಎಬ್ಬಿಸಿ.