ದೊಡ್ಡಮ್ಮನ ಪಿಂಚಣಿ 18,400, ಕಂತು-ಬಡ್ಡಿ 13,650: ಮೊದಲು ಯಾರಿಗೆ ಕೊಡಬೇಕು?

ಪ್ರಶ್ನೆ (ಬೇಲೂರು ತಾಲ್ಲೂಕಿನಿಂದ)

ಗ್ರೂಪಿನಲ್ಲಿರುವ ವಕೀಲರಿಗೆ, ಬ್ಯಾಂಕಿನಲ್ಲಿದ್ದ ಹಿರಿಯರಿಗೆ ನಮಸ್ಕಾರ. ನಮ್ಮ ದೊಡ್ಡಮ್ಮನಿಗೆ 71 ವರ್ಷ, ಮನೆಯಲ್ಲಿ ಒಬ್ಬರೇ. ದೊಡ್ಡಪ್ಪ ಮೇಷ್ಟ್ರಾಗಿದ್ದರು, ಕುಟುಂಬ ಪಿಂಚಣಿ ತಿಂಗಳಿಗೆ 18,400 ಬರುತ್ತೆ. ಪಿಂಚಣಿ ಬರೋ ಬ್ಯಾಂಕಿನಲ್ಲೇ ಪಿಂಚಣಿ ಸಾಲ ಇದೆ, ಬಾಕಿ 1,70,000, ಬಡ್ಡಿ ಶೇ. 11, ತಿಂಗಳಿಗೆ 6,100 ಅಲ್ಲೇ ಮುರಿದುಕೊಳ್ತಾರೆ. ಮೈಕ್ರೋಫೈನಾನ್ಸ್ ಎರಡು, 2,450 ಮತ್ತು 1,900. ಎರಡು ವರ್ಷದ ಹಿಂದೆ ಊರಿನ ಒಬ್ಬರ ಹತ್ತಿರ 80,000 ಕೈಸಾಲ, ನೂರಕ್ಕೆ ನಾಲ್ಕು ಬಡ್ಡಿ, ತಿಂಗಳಿಗೆ 3,200 ತಪ್ಪದೆ ಕೊಟ್ಟಿದ್ದಾರೆ. ಅವರ ಹತ್ತಿರ ಸಹಿ ಮಾಡಿದ ಖಾಲಿ ಚೆಕ್ಕು, ಪ್ರೋನೋಟು ಎರಡೂ ಇವೆ. 52 ಗ್ರಾಂ ಒಡವೆ ಬೇರೆ ಬ್ಯಾಂಕಿನಲ್ಲಿ 1,90,000ಕ್ಕೆ ಅಡ ಇದೆ, ಹರಾಜಿನ ನೋಟಿಸ್ ಬಂದಿದೆ. ಸಾಲದ್ದಕ್ಕೆ ತಮ್ಮನ ಮಗನ ಸೊಸೈಟಿ ಸಾಲಕ್ಕೆ ಜಾಮೀನು ಹಾಕಿದ್ದಾರೆ, ಅವನು ಕಟ್ಟಿಲ್ಲ. ಕಂತು, ಬಡ್ಡಿ ಕಳೆದು ಕೈಗೆ ಉಳಿಯೋದು 4,750. ಬಿಪಿ, ಶುಗರ್ ಮಾತ್ರೆಗೇ 2,600 ಬೇಕು. ಕೈಸಾಲದವರು ದಿನಾ ಜಗುಲಿ ಮೇಲೆ ಬಂದು ಕೂರ್ತಾರೆ ಅಂತ ಅವರಿಗೇ ಮೊದಲು ಕೊಡ್ತಿದ್ದಾರೆ. ಏನು ಮಾಡಬೇಕು?

ಉತ್ತರ (ವಕೀಲರು, ಹಾಸನ)

ಮಾತ್ರೆ, ರೇಷನ್, ಕರೆಂಟ್ ಬಿಲ್ಲಿನ ದುಡ್ಡನ್ನು ಪಿಂಚಣಿ ಬಂದ ದಿನವೇ ತೆಗೆದಿಡಿ. ಅದನ್ನು ಮುಟ್ಟಿ ಯಾವ ಕಂತನ್ನೂ ಕಟ್ಟಬೇಡಿ. ಬಿಪಿ, ಶುಗರ್ ಮಾತ್ರೆಗಳು ಜನೌಷಧಿ ಕೇಂದ್ರದಲ್ಲಿ ಬಹಳ ಕಡಿಮೆಗೆ ಸಿಗುತ್ತವೆ, ಚೀಟಿಯಲ್ಲಿ ಔಷಧದ ಮೂಲ ಹೆಸರು ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿ.

ಇನ್ನು ಸಾಲ. ಜೋರಾಗಿ ಕೂಗುವವರಿಗೆ ಮೊದಲು ಕೊಡುವುದೇ ಹೆಚ್ಚಿನ ಮನೆಗಳಲ್ಲಿ ಆಗುವ ತಪ್ಪು. ಕೊಡದಿದ್ದರೆ ಇವರು ಕಾನೂನಿನ ಪ್ರಕಾರ ಏನು ಮಾಡಬಲ್ಲರು ಎಂದು ಒಬ್ಬೊಬ್ಬರ ಬಗ್ಗೆಯೂ ಕೇಳಿಕೊಳ್ಳಿ. ಒಡವೆ ಇಟ್ಟುಕೊಂಡ ಬ್ಯಾಂಕು ಕೋರ್ಟಿಗೆ ಹೋಗದೆ ಹರಾಜು ಹಾಕಬಲ್ಲದು. ಪಿಂಚಣಿ ಸಾಲದ ಬ್ಯಾಂಕಿಗೆ ದೊಡ್ಡಮ್ಮನೇ ಖಾತೆಯಿಂದ ಮುರಿದುಕೊಳ್ಳಲು ಬರೆದುಕೊಟ್ಟಿದ್ದಾರೆ. ಕೈಸಾಲದವರು ಚೆಕ್ ಕೇಸು ಹಾಕಬಲ್ಲರು, ಅದು ಕ್ರಿಮಿನಲ್. ಮೈಕ್ರೋಫೈನಾನ್ಸಿಗೆ ಅಡಮಾನವೇ ಇಲ್ಲ. ಸೊಸೈಟಿಗೆ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಲ್ಲಿ ದಾವೆ ಹೂಡಿ ಆದೇಶ ಪಡೆದ ಮೇಲಷ್ಟೇ ವಸೂಲಿಯ ದಾರಿ. ಹಾಗಾಗಿ ಒಡವೆ ಮತ್ತು ಚೆಕ್ಕು ಮೊದಲು.

ಕೈಸಾಲದ ಲೆಕ್ಕ ಹಾಕೋಣ. ನೂರಕ್ಕೆ ನಾಲ್ಕು ಎಂದರೆ ವರ್ಷಕ್ಕೆ ಶೇ. 48. ಕರ್ನಾಟಕದಲ್ಲಿ ಲೇವಾದೇವಿ ಮಾಡುವವರು ಪರವಾನಗಿ ಪಡೆದಿರಬೇಕು, ಆಧಾರವಿಲ್ಲದ (ಏನೂ ಅಡ ಇಡದ) ಸಾಲಕ್ಕೆ ವರ್ಷಕ್ಕೆ ಶೇ. 16, ಆಧಾರ ಇರುವುದಕ್ಕೆ ಶೇ. 14 ಬಡ್ಡಿಯಷ್ಟೇ ಪಡೆಯಬಹುದು. 24 ತಿಂಗಳಲ್ಲಿ ದೊಡ್ಡಮ್ಮ ಕೊಟ್ಟಿರುವುದು 76,800. ಶೇ. 16ರಂತೆ ಎರಡು ವರ್ಷಕ್ಕೆ ಬಡ್ಡಿ 25,600. ಹೆಚ್ಚಿಗೆ ಹೋದ 51,200ನ್ನು ಅಸಲಿಗೆ ವಜಾ ಮಾಡಿದರೆ ಉಳಿಯುವುದು 28,800. ರಾಜಿಗೆ ಕೂರುವಾಗ ನಿಮ್ಮ ಕಡೆಯ ಅಂಕಿ ಇದೇ ಇರಲಿ. ಕೊಟ್ಟಿದ್ದಕ್ಕೆ ರಸೀದಿ ಇರಲಾರದು. ಫೋನ್‌ಪೇ ದಾಖಲೆ, ಪಾಸ್‌ಬುಕ್ಕಿನಲ್ಲಿ ಅದೇ ತಾರೀಕುಗಳಲ್ಲಿ ತೆಗೆದ ನಗದು, ಅವರ ಚೀಟಿ, ಏನಿದ್ದರೂ ಒಟ್ಟು ಮಾಡಿ.

ಪ್ರೋನೋಟಿನ ಬಗ್ಗೆ ಎಚ್ಚರ. ಬೇಡಿಕೆ ಪ್ರೋನೋಟಿನ (ಕೇಳಿದಾಗ ಹಣ ಕೊಡುತ್ತೇನೆ ಎಂದು ಬರೆದುಕೊಟ್ಟ ಪತ್ರದ) ಮೇಲೆ ದಾವೆ ಹೂಡಲು ಬರೆದ ದಿನದಿಂದ ಮೂರು ವರ್ಷ ಕಾಲಮಿತಿ. ಮುಗಿಯುವ ಹೊತ್ತಿಗೆ ಸರಿಯಾಗಿ ಅವರು ಪ್ರೀತಿಯಿಂದ ಬಂದು, "ಐನೂರು ಕೊಟ್ಟಿರಮ್ಮ ಸಾಕು" ಎಂದು ತೆಗೆದುಕೊಂಡು, ಪ್ರೋನೋಟನ್ನು ಮಗುಚಿ, ಹಿಂಭಾಗದಲ್ಲಿ "ಈ ದಿನ ರೂ. 500 ಸಂದಾಯ" ಎಂದು ಬರೆದು ತಾರೀಕು ಹಾಕಿ ಸಹಿ ಕೇಳುತ್ತಾರೆ. ಆ ಒಂದು ಗೆರೆಯಿಂದ ಮತ್ತೆ ಮೂರು ವರ್ಷ ಹೊಸದಾಗಿ ಶುರು. ಮಿತಿ ಮುಗಿದ ಮೇಲೂ "ಕೊಡುತ್ತೇನೆ" ಎಂದು ಬರೆದು ಸಹಿ ಹಾಕಿದರೆ ಅದು ಹೊಸ ಕರಾರಾಗಿಯೇ ನಿಲ್ಲುತ್ತದೆ. ನೀವು ಪಕ್ಕದಲ್ಲಿಲ್ಲದಾಗ ಯಾವ ಕಾಗದಕ್ಕೂ ಸಹಿ, ಹೆಬ್ಬೆಟ್ಟು ಬೇಡ ಎಂದು ದೊಡ್ಡಮ್ಮನಿಗೆ ಹೇಳಿ.

ಚೆಕ್ಕನ್ನು ಹಗುರವಾಗಿ ನೋಡಬೇಡಿ. ಸಹಿ ಮಾಡಿದ ಖಾಲಿ ಚೆಕ್ಕನ್ನು ಬೇರೆಯವರು ತುಂಬಿದ್ದರೂ ಹೊಣೆ ತಪ್ಪದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಖಾತೆ ಮುಚ್ಚಿದರೂ ಕೇಸು ತಪ್ಪುವುದಿಲ್ಲ. ಚೆಕ್ ವಾಪಸಾದ ಸುದ್ದಿ ತಿಳಿದ 30 ದಿನದೊಳಗೆ ಅವರು ನೋಟಿಸ್ ಕಳಿಸಬೇಕು, ಅದು ಕೈಸೇರಿದ ಮೇಲೆ ದೊಡ್ಡಮ್ಮನಿಗೆ 15 ದಿನ ಇರುತ್ತದೆ. ಆ 15 ದಿನದಲ್ಲಿ ವಕೀಲರ ಮೂಲಕ ಉತ್ತರ ಹೋಗಲೇಬೇಕು: ಎಷ್ಟು ಪಡೆದದ್ದು, ಎಷ್ಟು ಕೊಟ್ಟದ್ದು, ಚೆಕ್ಕು ಭದ್ರತೆಗೆ ಖಾಲಿ ಕೊಟ್ಟದ್ದು, ಲೇವಾದೇವಿ ಪರವಾನಗಿ ಇದೆಯೇ. ನೋಟಿಸನ್ನು ಪೋಸ್ಟ್‌ಮ್ಯಾನ್ ಹತ್ತಿರ ತೆಗೆದುಕೊಳ್ಳದೆ ತಿರುಗಿಸುವುದು ದೊಡ್ಡ ತಪ್ಪು. ಮುಟ್ಟಿದಂತೆಯೇ ಲೆಕ್ಕವಾಗುತ್ತದೆ, ಉತ್ತರ ಕೊಡುವ ಅವಕಾಶ ಮಾತ್ರ ಹೋಗುತ್ತದೆ.

ಜಗುಲಿ ಮೇಲೆ ಕೂತು ಬೆದರಿಸುವುದಕ್ಕೆ 2025ರಲ್ಲಿ ರಾಜ್ಯ ತಂದ ಕಿರುಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿ ತಡೆ ಕಾನೂನು ಇದೆ, ಶಿಕ್ಷೆ 10 ವರ್ಷದವರೆಗೆ. ದೂರು ಬರೆದು ಕೊಡಿ, ಹಿಂಬರಹ ಪಡೆಯಿರಿ.

ಫೀಸಿನ ಚಿಂತೆ ಬೇಡ. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಬೇಲೂರು ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಆಧಾರ್ ಪ್ರತಿ, ನೋಟಿಸ್ ಪ್ರತಿಗಳೊಂದಿಗೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಉತ್ತರ (ನಿವೃತ್ತ ಬ್ಯಾಂಕ್ ಮ್ಯಾನೇಜರ್, ಚಿಕ್ಕಮಗಳೂರು)

ವಕೀಲರ ಮಾತಿಗೆ ಬ್ಯಾಂಕಿನ ಕಡೆಯದನ್ನು ಸೇರಿಸುತ್ತೇನೆ.

ದೊಡ್ಡಮ್ಮನ ನಿಜವಾದ ಬಲ ಆ 52 ಗ್ರಾಂ. ಅಡ ಇಟ್ಟುಕೊಳ್ಳುವಾಗ ಬ್ಯಾಂಕು ಬೆಲೆಯ ಮುಕ್ಕಾಲು ಭಾಗದ ಆಸುಪಾಸು ಮಾತ್ರ ಕೊಟ್ಟಿರುತ್ತದೆ, ಆಮೇಲೆ ಚಿನ್ನ ಬಹಳ ಏರಿದೆ. ಹರಾಜಿನಲ್ಲಿ ಸಾಲ ತೀರಿ ಮಿಕ್ಕ ಹಣ ಅವರಿಗೇ ವಾಪಸು ಬರಬೇಕು ನಿಜ, ಆದರೆ ಅಲ್ಲಿ ಸಿಗುವ ದರ ನೀವೇ ಮಾರಿದಷ್ಟು ಇರುವುದಿಲ್ಲ, ಖರ್ಚೂ ಮುರಿದುಕೊಳ್ಳುತ್ತಾರೆ. ನಾಳೆಯೇ ಹೋಗಿ ಇವತ್ತಿನ ತಾರೀಕಿಗೆ ಒಟ್ಟು ಬಾಕಿ ಎಷ್ಟೆಂದು ಬರೆಸಿಕೊಳ್ಳಿ, ಹರಾಜು ಮುಂದೂಡಲು ಅರ್ಜಿ ಕೊಡಿ. ಒಟ್ಟು ಬಾಕಿಯನ್ನು ಅಂದಿನ ಹಳೆ ಚಿನ್ನದ ದರದಿಂದ ಭಾಗಿಸಿದರೆ ಎಷ್ಟು ಗ್ರಾಂ ಮಾರಬೇಕು ಎಂದು ಗೊತ್ತಾಗುತ್ತದೆ. ಒಂದು ಸಾಲಕ್ಕೆ ಒಂದೇ ಪೊಟ್ಟಣ ಇರುವುದರಿಂದ ಭಾಗಶಃ ಬಿಡಿಸಲು ಮೊದಲು ಸ್ವಲ್ಪ ಅಸಲು ಕಟ್ಟಬೇಕು, ಆಮೇಲೆ ಅಪ್ರೈಸರ್ (ಚಿನ್ನ ತೂಗಿ ಬೆಲೆ ಕಟ್ಟುವವರು) ಉಳಿದದ್ದನ್ನು ಮತ್ತೆ ತೂಗುತ್ತಾರೆ. ಆ ಒಂದೆರಡು ದಿನಕ್ಕೆ ನೆಂಟರಲ್ಲಿ ಯಾರಾದರೂ ಕೈಗಡ ಕೊಟ್ಟರೆ ಸಾಕು. "ಅಡವಿಟ್ಟ ಚಿನ್ನ ಬಿಡಿಸಿ ಕೊಳ್ಳುತ್ತೇವೆ" ಎಂಬ ಬೋರ್ಡಿನವರ ಹತ್ತಿರ ಹೋಗುವ ಮುನ್ನ ಎರಡು ಒಡವೆ ಅಂಗಡಿಯಲ್ಲಿ ದರ ವಿಚಾರಿಸಿ. ತೂಕ, ಕಲ್ಲಿನ ಕಳೆತ, ಕರಗಿಸಿದ ಮೇಲಿನ ಶುದ್ಧತೆ ಮೂರನ್ನೂ ಬಿಲ್ಲಿನಲ್ಲಿ ಬರೆಸಿ.

ಯಾವ ಒಡವೆ ಹೋಗಬೇಕು, ಯಾವುದು ಉಳಿಯಬೇಕು ಎಂದು ದೊಡ್ಡಮ್ಮನನ್ನೇ ಕೇಳಿ. ನೀವು ತೀರ್ಮಾನಿಸಿ ಹೇಳಬೇಡಿ. ಕರಿಮಣಿ ಸರ ಇರಲಿ, ಬಳೆ ಹೋಗಲಿ ಎನ್ನುವುದು ಅವರ ಹಕ್ಕು.

ಒಡವೆ ಸಾಲ ತೀರಿಸಿ ಮಿಕ್ಕಿದ್ದರಲ್ಲಿ ವಕೀಲರು ಹೇಳಿದ ಅಂಕಿಗೆ ಕೈಸಾಲ ರಾಜಿ ಮಾಡಿ. ಹಣ ಬ್ಯಾಂಕ್ ಮೂಲಕವೇ ಹೋಗಲಿ. ಚೆಕ್ಕು, ಪ್ರೋನೋಟು ಕೈಗೆ ಬಂದ ಮೇಲೆ ಕೊಡಿ, ಅದಕ್ಕೂ ಮೊದಲು ಬೇಡ.

ಪಿಂಚಣಿ ಸಾಲಕ್ಕೆ ಅವಧಿ ಹೆಚ್ಚಿಸಿ ಎಂದು ಶಾಖೆಗೆ ಬರೆದು ಕೊಡಿ. ಬ್ಯಾಂಕಿನ ವಯೋಮಿತಿಯೊಳಗೆ 60 ತಿಂಗಳು ಸಿಕ್ಕರೆ 1,70,000ಕ್ಕೆ ಶೇ. 11ರಲ್ಲಿ ಕಂತು ಸುಮಾರು 3,700 ಆಗುತ್ತದೆ. ಒಟ್ಟು ಬಡ್ಡಿ ಸುಮಾರು 25 ಸಾವಿರ ಹೆಚ್ಚು ಬೀಳುತ್ತದೆ, ಅದನ್ನು ತಿಳಿದೇ ಒಪ್ಪಿ. ತಿಂಗಳಿಗೆ ಉಳಿಯುವ 2,400 ಈಗ ಅವರಿಗೆ ಅದಕ್ಕಿಂತ ದೊಡ್ಡದು. ಅರ್ಜಿಗೆ ತಿಂಗಳ ಖರ್ಚಿನ ಪಟ್ಟಿ, ಔಷಧದ ಬಿಲ್ಲು ಲಗತ್ತಿಸಿ, ಪ್ರತಿಯ ಮೇಲೆ ಶಾಖೆಯ ಸೀಲು ಹಾಕಿಸಿಕೊಳ್ಳಿ. ಬಾಯಲ್ಲಿ ಕೇಳಿದರೆ "ನೋಡೋಣ" ಎನ್ನುವಲ್ಲಿಗೆ ನಿಲ್ಲುತ್ತದೆ.

ಮೈಕ್ರೋಫೈನಾನ್ಸಿನವರಿಗೆ 2022ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ ಸ್ಪಷ್ಟವಾಗಿದೆ: ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. 18,400ರಲ್ಲಿ ಅರ್ಧ 9,200. ಪಿಂಚಣಿ ಸಾಲದ 6,100, ಮೊದಲ ಕಂಪನಿಯ 2,450 ಸೇರಿ 8,550. ಎರಡನೆಯ ಕಂಪನಿ 1,900 ಸೇರಿಸಿದಾಗ 10,450 ಆಯಿತು. ಮೂರೂ ಕಂತು ಆಗಲೇ ಇದ್ದಿದ್ದರೆ ಅವರು ಆ ಸಾಲವನ್ನೇ ಕೊಡುವಂತಿರಲಿಲ್ಲ. ಸಾಲದ ಕಾರ್ಡಿನ ಮೇಲೆ ಕುಂದುಕೊರತೆ ಅಧಿಕಾರಿಯ ವಿಳಾಸ ಇರುತ್ತದೆ. ಈ ಲೆಕ್ಕ ಬರೆದು ಕಂತು ಇಳಿಸಿ ಎಂದು ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ) ದೂರು ಕೊಡಬಹುದು, ಸಹಾಯಕ್ಕೆ 14448. ವಸೂಲಿಯವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಮೈಕ್ರೋಫೈನಾನ್ಸ್ ಸಾಲ ಸಂಘದ ಮೂಲಕ ತೆಗೆದದ್ದಾದರೆ, ಸಂಘದ ಉಳಿದ ಹೆಂಗಸರಿಗೆ ವಿಷಯ ಮುಂಚೆಯೇ ಹೇಳಿಡಿ. ಕಂತಿನ ದಿನ ಮುಖ ಮರೆಸಿಕೊಂಡರೆ ಅವರ ಸಿಟ್ಟು ದೊಡ್ಡಮ್ಮನ ಮೇಲೆ ತಿರುಗುತ್ತದೆ.

ಇಷ್ಟೂ ಆದರೆ ಪಿಂಚಣಿ ಸಾಲಕ್ಕೆ 3,700, ಮೈಕ್ರೋಫೈನಾನ್ಸಿಗೆ 4,350 ಹೋಗಿ ಕೈಗೆ 10,350 ಉಳಿಯುತ್ತದೆ.

ಮರುಪ್ರಶ್ನೆ (ಬೇಲೂರಿನವರೇ)

ತುಂಬಾ ಉಪಕಾರವಾಯ್ತು ಸರ್. ಜಾಮೀನಿನ ಸಾಲಕ್ಕೆ ಸೊಸೈಟಿಯವರು ಪಿಂಚಣಿ ಹಿಡಿಯಬಹುದಾ? ಮನೆಯನ್ನು ಮಗಳ ಹೆಸರಿಗೆ ದಾನಪತ್ರ ಮಾಡಿಬಿಡಿ ಅಂತ ಕೆಲವರು ಹೇಳ್ತಿದ್ದಾರೆ. ದೊಡ್ಡಮ್ಮನಿಗೆ "ನಾನು ಹೋದಮೇಲೆ ಮಗಳ ತಲೆಗೆ ಬರುತ್ತಲ್ಲ" ಅನ್ನೋದೇ ಕೊರಗು.

ಉತ್ತರ (ವಕೀಲರು, ಹಾಸನ)

ಪಿಂಚಣಿಯನ್ನು ಜಪ್ತಿ ಮಾಡುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲೇ ರಕ್ಷಣೆ ಇದೆ. ಸಾಲ ಕೊಟ್ಟ ಬ್ಯಾಂಕಿಗೆ ತಾವೇ ಒಪ್ಪಿಗೆ ಬರೆದುಕೊಟ್ಟು ಮುರಿಸುವುದು ಬೇರೆ, ಹೊರಗಿನವರು ಡಿಕ್ರಿ (ಕೋರ್ಟಿನ ತೀರ್ಪು) ತಂದು ಹಿಡಿಯುವುದು ಬೇರೆ. ಅದೇ ಸಂಹಿತೆಯ 56ನೇ ಕಲಮಿನಂತೆ ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತೆಯೂ ಇಲ್ಲ. "ಪೊಲೀಸ್ ಕರ್ಕೊಂಡು ಬರ್ತೀವಿ" ಎನ್ನುವವರಿಗೆ ಇದನ್ನು ಹೇಳಿ.

ಆದರೆ ಜಾಮೀನುದಾರರ ಹೊಣೆ ಸಾಲಗಾರನಷ್ಟೇ ಇರುತ್ತದೆ, ಮೊದಲು ಅವನನ್ನು ಕೇಳಿ ಎಂದು ಹಟ ಹಿಡಿಯುವ ಹಕ್ಕು ಇಲ್ಲ. ಮನೆಗೆ ಅಪಾಯ ಇರುವುದು ಇಲ್ಲಿಂದ. 70ನೇ ಕಲಮಿನ ನೋಟಿಸ್ ಬಂದರೆ ಹಾಜರಾಗಿ ಲಿಖಿತ ಹೇಳಿಕೆ ಕೊಡಿ. ತಮ್ಮನ ಮಗನ ಜಮೀನಿನ ಸರ್ವೆ ನಂಬರ್, ಪಹಣಿ ಪ್ರತಿ ಲಗತ್ತಿಸಿ, ವಸೂಲಿಗೆ ಆಸ್ತಿ ಅಲ್ಲಿದೆ ಎಂದು ತೋರಿಸಿ. ಹಾಜರಾಗದಿದ್ದರೆ ಏಕಪಕ್ಷೀಯ ಆದೇಶವಾಗುತ್ತದೆ. ದೊಡ್ಡಮ್ಮ ಕಟ್ಟಬೇಕಾಗಿ ಬಂದರೆ ಆ ಹಣವನ್ನು ಅವನಿಂದ ವಸೂಲು ಮಾಡುವ ಹಕ್ಕು ಅವರಿಗಿದೆ.

ದಾನಪತ್ರ ಬೇಡ. ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳಲು ಮಾಡಿದ ವರ್ಗಾವಣೆಯನ್ನು ಕೋರ್ಟು ರದ್ದು ಮಾಡಬಹುದು, ಅಷ್ಟರಲ್ಲಿ ದೊಡ್ಡಮ್ಮ ತಮ್ಮ ಮನೆಯಲ್ಲೇ ಹಂಗಿನವರಾಗಿರುತ್ತಾರೆ.

ಮಗಳ ವಿಷಯದಲ್ಲಿ ಅವರಿಗೆ ಧೈರ್ಯ ಹೇಳಿ. ತಾಯಿಯಿಂದ ಬಂದ ಆಸ್ತಿಯ ಬೆಲೆಯಷ್ಟಕ್ಕೆ ಮಾತ್ರ ವಾರಸುದಾರರ ಹೊಣೆ, ಸ್ವಂತ ದುಡಿಮೆಯಿಂದ ಕೊಡಬೇಕಿಲ್ಲ. ಮಗಳು ಸಹಸಾಲಗಾರಳಾಗಿ ಅಥವಾ ಜಾಮೀನುದಾರಳಾಗಿ ಸಹಿ ಹಾಕಿದ್ದರೆ ಮಾತು ಬೇರೆ. ಆದ್ದರಿಂದ "ಅಮ್ಮನ ಸಾಲ ರಿನ್ಯೂವಲ್ ಮಾಡೋಣ, ನೀವೂ ಒಂದು ಸಹಿ ಹಾಕಿ" ಎಂದರೆ ಹಾಕುವುದು ಬೇಡ.

ಪ್ರಶ್ನೆ (ಮೂಡಿಗೆರೆಯಿಂದ)

ಇದೇ ಜಾಗದಲ್ಲಿ ಕೇಳ್ತೀನಿ, ಕ್ಷಮಿಸಿ. ನಮ್ಮ ಸೋದರಮಾವನಿಗೆ 76, ಮೂರು ಎಕರೆ ಕಾಫಿ. ಬ್ಯಾಂಕಿನಿಂದ ಸರ್ಫೇಸಿ (ಅಡ ಇಟ್ಟ ಆಸ್ತಿನ ಬ್ಯಾಂಕೇ ವಶಕ್ಕೆ ತಗೊಳ್ಳೋ ಕಾಯ್ದೆ) ನೋಟಿಸ್ ಬಂದಿದೆ. ತೋಟ ಹೋದ ಹಾಗೇನಾ?

ಉತ್ತರ (ವಕೀಲರು, ಹಾಸನ)

ಇಲ್ಲ, ಆದರೆ ತಾರೀಕು ಲೆಕ್ಕ ತಪ್ಪಬಾರದು. ಮೊದಲ ನೋಟಿಸ್ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನದ್ದು, 60 ದಿನ ಇರುತ್ತದೆ. ಆ ಅವಧಿಯಲ್ಲಿ ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನದೊಳಗೆ ಕಾರಣ ಸಹಿತ ಉತ್ತರಿಸಬೇಕು. ಸ್ವಾಧೀನದ ನೋಟಿಸ್ ಅಂಟಿಸಿದರೆ ಅಲ್ಲಿಂದ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹೋಗಬೇಕು. ಈ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ ಎಂದು 31ನೇ ಕಲಮಿನಲ್ಲಿದೆ. ಕಾಫಿ ತೋಟ ಅದರೊಳಗೆ ಬರುವುದಿಲ್ಲ ಎಂದು ಬ್ಯಾಂಕುಗಳು ವಾದಿಸುತ್ತವೆ. ಪಹಣಿಯಲ್ಲಿ ಕೃಷಿ ಎಂದಿದ್ದರಷ್ಟೇ ಸಾಲದು, ನಿಜವಾಗಿ ಬೆಳೆ ತೆಗೆಯುತ್ತಿರುವುದನ್ನು ತೋರಿಸಬೇಕು. ಕಾಫಿ ಬೋರ್ಡಿನ ನೋಂದಣಿ, ಕಾಫಿ ಮಾರಿದ ಚೀಟಿ, ಗೊಬ್ಬರದ ಬಿಲ್ಲು, ತೋಟದ ಫೋಟೋ ಒಟ್ಟು ಮಾಡಿ. ಜೊತೆಗೆ ಒಂದೇ ಕಂತಿನ ತೀರುವಳಿಗೂ ಅರ್ಜಿ ಕೊಡಿ, ಎರಡೂ ಒಟ್ಟಿಗೆ ನಡೆಯಬಹುದು.

ಉತ್ತರ (ನಿವೃತ್ತ ಬ್ಯಾಂಕ್ ಮ್ಯಾನೇಜರ್, ಚಿಕ್ಕಮಗಳೂರು)

ಮೂಡಿಗೆರೆಯವರಿಗೆ: ತೀರುವಳಿ ಅರ್ಜಿಯಲ್ಲಿ ಕೈಲಾಗದ ಮೊತ್ತ ಬರೆಯಬೇಡಿ. ಒಪ್ಪಿದ ತಾರೀಕಿಗೆ ಕಟ್ಟದಿದ್ದರೆ ರಿಯಾಯಿತಿ ಬಿದ್ದುಹೋಗಿ ಪೂರ್ತಿ ಬಾಕಿ ತಿರುಗಿ ನಿಲ್ಲುತ್ತದೆ. ಹಣ ಎಲ್ಲಿಂದ ಬರುತ್ತದೆ, ಕಾಫಿ ಮಾರಿದ ಮೇಲೋ ಮರ ಕಡಿಸಿದ ಮೇಲೋ, ಅದನ್ನು ನೋಡಿ ತಾರೀಕು ಕೇಳಿ. ಕಟ್ಟಿ ಮುಗಿದ ಮೇಲೆ ಬಾಕಿ ಇಲ್ಲ ಎಂಬ ಪತ್ರ ಪಡೆಯಿರಿ. ಮೂಲ ದಾಖಲೆಗಳನ್ನು ಬ್ಯಾಂಕು 30 ದಿನದೊಳಗೆ ಹಿಂದಿರುಗಿಸಬೇಕು, ತಡವಾದರೆ ದಿನಕ್ಕೆ 5,000 ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಆದೇಶವಿದೆ. ಪಹಣಿಯ 11ನೇ ಕಾಲಮಿನಲ್ಲಿ ಋಣ ತೆಗೆಸುವುದನ್ನು ಹೆಚ್ಚಿನವರು ಮರೆಯುತ್ತಾರೆ, ಬ್ಯಾಂಕಿನ ಪತ್ರ ಹಿಡಿದು ತಾಲ್ಲೂಕು ಕಚೇರಿಗೆ ಹೋಗಿ ಅದನ್ನೂ ಮಾಡಿಸಿ.