ಹಳೇ ಸ್ಟಾರ್ ಟ್ರೆಕ್: ಸುಲು ಚಳೀಲಿ ಸಾಯ್ತಿದ್ರೆ ಷಟಲ್ ಯಾಕೆ ಕಳಿಸ್ಲಿಲ್ಲ?

ರಾತ್ರಿಪಾಳಿ:
ಹಳೇ ಸೀರೀಸನ್ನ ಮತ್ತೆ ಮೊದಲಿಂದ ನೋಡ್ತಾ ಇದೀನಿ, ನಿನ್ನೆ 'ದಿ ಎನಿಮಿ ವಿದಿನ್' ಮುಗೀತು, ಅದೇ ಜನರನ್ನ ಹಡಗಿಂದ ಗ್ರಹಕ್ಕೆ ಕ್ಷಣದಲ್ಲಿ ಕಳಿಸೋ ಟ್ರಾನ್ಸ್‌ಪೋರ್ಟರ್ ಯಂತ್ರ ಕೆಟ್ಟು ಕ್ಯಾಪ್ಟನ್ ಕಿರ್ಕ್ ಒಬ್ಬ ಇದ್ದವ್ನು ಇಬ್ರಾಗ್ತಾನಲ್ಲ ಆ ಎಪಿಸೋಡು. ಕಥೆ ತುಂಬಾ ಹಿಡಿಸ್ತು, ಆದ್ರೆ ಒಂದು ವಿಷ್ಯ ತಲೆ ಕೊರೀತಾ ಇದೆ. ಕೆಳಗೆ ಗ್ರಹದ ಮೇಲೆ ಹಡಗಿನ ಅಧಿಕಾರಿ ಸುಲು ಮತ್ತೆ ಅವನ ಜೊತೆಯವ್ರು ಸಿಕ್ಕಾಕ್ಕೊಂಡಿದಾರೆ, ಕತ್ತಲಾಗ್ತಾ ಆಗ್ತಾ ಚಳಿ ಜಾಸ್ತಿ ಆಗ್ತಿದೆ, ಫೇಸರ್ ಅನ್ನೋ ಕಿರಣದ ಗನ್ನಿಂದ ಬಂಡೆ ಕೆಂಪಗೆ ಕಾಯ್ಸಿ ಅದರ ಸುತ್ತ ಮುದುರ್ಕೊಂಡು ಕೂತಿರ್ತಾರೆ, ಮೇಲೆ ಹಡಗಲ್ಲಿ ಇರೋರೆಲ್ಲ ಟ್ರಾನ್ಸ್‌ಪೋರ್ಟರ್ ರಿಪೇರಿ ಆಗೋದನ್ನೇ ಕಾಯ್ತಾ ಇರ್ತಾರೆ. ಅವರ ಹಡಗು ಎಂಟರ್‌ಪ್ರೈಸಲ್ಲಿ ಷಟಲ್, ಅಂದ್ರೆ ನೆಲಕ್ಕೆ ಇಳಿಯೋ ಪುಟ್ಟ ಹಡಗು, ಇದೆಯಲ್ಲ ಸ್ವಾಮಿ? ಒಂದನ್ನ ಇಳಿಸಿ ಕರ್ಕೊಂಡು ಬರೋದಕ್ಕೆ ಏನಾಗಿತ್ತು? ನಂಗೇನಾದ್ರೂ ಡೈಲಾಗ್ ಮಿಸ್ ಆಯ್ತಾ?

ಹಳೇಟೇಪು:
ಮಿಸ್ ಆಗಿಲ್ಲ, ಅದರ ಬಗ್ಗೆ ಒಂದು ಮಾತೂ ಇಲ್ಲ. ಯಾಕಂದ್ರೆ ಆ ಹೊತ್ತಿಗೆ ಷಟಲ್ಲೇ ಇರ್ಲಿಲ್ಲ. ಪ್ರತಿ ವಾರ ಹಡಗನ್ನ ನೆಲಕ್ಕೆ ಇಳಿಸೋ ದೃಶ್ಯ ತೆಗೆಯೋಕೆ ದುಡ್ಡು ಸಾಲಲ್ಲ ಅಂತಾನೇ ಟ್ರಾನ್ಸ್‌ಪೋರ್ಟರ್ ಅನ್ನೋ ಐಡಿಯಾ ಹುಟ್ಟಿದ್ದು. ಷಟಲ್ ಕಟ್ಟೋಕೂ ಬಜೆಟ್ ಇರ್ಲಿಲ್ಲ, ಕೊನೆಗೆ ಮಾಡೆಲ್ ಕಿಟ್ ಮಾರೋ ಎ.ಎಂ.ಟಿ. ಕಂಪನಿ ಜೊತೆ ಒಪ್ಪಂದ ಆಗಿ ಅವ್ರ ಕಡೆಯಿಂದ ಅದು ತಯಾರಾಯ್ತು. ಈ ಎಪಿಸೋಡು ಬಂದಿದ್ದು 1966ರ ಅಕ್ಟೋಬರಲ್ಲಿ, ಷಟಲ್ ಮೊದಲ ಸಲ ಕಾಣಿಸ್ಕೊಂಡ 'ದಿ ಗೆಲಿಲಿಯೊ ಸೆವೆನ್' 1967ರ ಜನವರೀಲಿ. ನಂಗೆ ಇದು ತಪ್ಪು ಅಂತ ಅನ್ಸೋದೇ ಇಲ್ಲ, ಷಟಲ್ ಇದ್ದಿದ್ರೆ ಹತ್ತು ನಿಮಿಷಕ್ಕೆ ಕಥೆ ಮುಗ್ದು ಹೋಗೋದು, ಸುಲು ಆ ಬಂಡೆ ಪಕ್ಕ ಕೂತ ದೃಶ್ಯಾನೇ ನಮಗೆ ಸಿಗ್ತಿರ್ಲಿಲ್ಲ.

ಐದನೇಗ್ರಹ:
ಷಟಲ್ ವಿಷ್ಯ ಒಪ್ತೀನಿ. ಆದ್ರೆ ಗೋರಿಕಲ್ಲು? 'ವೇರ್ ನೋ ಮ್ಯಾನ್ ಹ್ಯಾಸ್ ಗಾನ್ ಬಿಫೋರ್'ನಲ್ಲಿ ಗ್ಯಾರಿ ಮಿಚೆಲ್ ಕಿರ್ಕ್‌ಗೆ ಅಂತ ಒಂದು ಗೋರಿ ಮಾಡ್ತಾನೆ, ಕಲ್ಲಿನ ಮೇಲೆ ಜೇಮ್ಸ್ ಆರ್. ಕಿರ್ಕ್ ಅಂತ ಇದೆ, ಆಮೇಲಿಂದ ಜೀವನಪೂರ್ತಿ ಜೇಮ್ಸ್ ಟಿ. ಕಿರ್ಕ್. ಮಿಚೆಲ್ ಅವನ ಹಳೇ ಸ್ನೇಹಿತ, ಅದ್ರಲ್ಲೂ ಆಗ ದೇವರಂಥ ಶಕ್ತಿ ಬಂದಿರೋನು, ಅವನಿಗೆ ಸ್ನೇಹಿತನ ಹೆಸರು ತಪ್ಪುತ್ತಾ? ಅದು ಎರಡನೇ ಪೈಲಟ್, ಅಂದ್ರೆ ಸೀರೀಸ್ ಶುರುವಾಗೋ ಮುಂಚೆ ತೆಗೆದ ಪರೀಕ್ಷಾ ಎಪಿಸೋಡು, ಹೆಸರು ಇನ್ನೂ ಗಟ್ಟಿ ಆಗಿರ್ಲಿಲ್ಲ ಅಷ್ಟೇ.

ಆದ್ರೆ ನನ್ನ ನಿದ್ದೆ ಕೆಡಿಸಿರೋದು 1982ರ ಖಾನ್ ಸಿನಿಮಾ. ಎಲ್ರೂ ಹೇಳೋದು ಒಂದೇ, ಖಾನ್ ಅನ್ನೋ ಖಳನಾಯಕ ಬಂದ 'ಸ್ಪೇಸ್ ಸೀಡ್' ಮೊದಲ್ನೇ ಸೀಸನ್, ಹಡಗಿನ ಅಧಿಕಾರಿ ಚೆಕಾವ್ ಸೇರಿದ್ದು ಎರಡನೇ ಸೀಸನ್, ಹಾಗಿದ್ಮೇಲೆ ಸಿನಿಮಾದಲ್ಲಿ ಖಾನ್ ಅವನ ಮುಖ ಹೇಗೆ ಗುರುತು ಹಿಡಿದ ಅಂತ. ಇದಕ್ಕೆ ಉತ್ತರ ಇದೆ. ಚೆಕಾವ್ ಇರೋ 'ಕ್ಯಾಟ್ಸ್‌ಪಾ'ದ ಸ್ಟಾರ್‌ಡೇಟ್ (ಕಥೆಯೊಳಗಿನ ತಾರೀಖು) 3018.2, 'ಸ್ಪೇಸ್ ಸೀಡ್'ದು 3141.9. ಅಂದ್ರೆ ಅವನು ಆಗ್ಲೇ ಹಡಗಲ್ಲಿ ಇದ್ದ, ನಮ್ಮ ಕಣ್ಣಿಗೆ ಬಿದ್ದಿರ್ಲಿಲ್ಲ.

ನಿಜವಾದ ತೂತು ಬೇರೆ ಕಡೆ ಇದೆ. ಸಿನಿಮಾದಲ್ಲಿ ಗ್ರಹದ ಮೇಲೆ ಸಿಕ್ಕ ಅವಶೇಷದ ಒಳಗೆ ಬೆಲ್ಟ್ ಮೇಲೆ 'ಬಾಟನಿ ಬೇ' ಅಂತ ಖಾನ್‌ನ ಹಳೇ ಹಡಗಿನ ಹೆಸರು ಓದಿದ ತಕ್ಷಣ ಚೆಕಾವ್ ಮುಖ ಹೇಗೆ ಬಿಳಿಚ್ಕೊಳ್ಳುತ್ತೆ ನೋಡಿ, ಅವನಿಗೆ ಖಾನ್ ಕಥೆ ಪೂರ್ತಿ ಗೊತ್ತು. ಹಾಗಿದ್ರೆ ಸೇಟಿ ಆಲ್ಫಾ ಅನ್ನೋ ನಕ್ಷತ್ರದ ಹೆಸರು ಕೇಳಿದಾಗ್ಲೇ ಯಾಕೆ ಹೊಳೀಲಿಲ್ಲ? ಅದರ ಐದನೇ ಗ್ರಹದಲ್ಲಿ ಖಾನ್ ಮತ್ತೆ ಅವನ ಜನಾನ ಬಿಟ್ಟು ಬಂದಿದ್ದು ಇವರದ್ದೇ ಹಡಗು. ಆರನೇ ಗ್ರಹ ಸಿಡಿದು ಹೋಗಿದೆ, ಐದನೇದರ ಕಕ್ಷೆ ಬದಲಾಗಿದೆ, ಇವರು ಅದನ್ನೇ ಆರನೇದು ಅಂದ್ಕೊಂಡು ಇಳೀತಾರೆ, ಚೆಕಾವ್ ಆಗ ಇದ್ದ ರಿಲಯಂಟ್ ಹಡಗಲ್ಲಿ ಒಬ್ರೂ ಗ್ರಹಗಳನ್ನ ಎಣಿಸ್ಲಿಲ್ವಾ?

ಹಳೇಟೇಪು:
ಗ್ರಹ ಎಣಿಸೋ ವಿಷ್ಯಕ್ಕೆ ನನ್ನ ಹತ್ರ ಉತ್ತರ ಇಲ್ಲ, ಅದು ತೂತೇ. ಆದ್ರೆ ಸ್ಟಾರ್‌ಡೇಟ್ ನಂಬ್ಕೊಂಡು ವಾದ ಮಾಡ್ಬೇಡಿ, ಪ್ರಸಾರದ ಪ್ರಕಾರ ನೋಡಿದ್ರೆ ಅವು ಹಿಂದೆ ಮುಂದೆ ಜಿಗೀತವೆ. ಚೆಕಾವ್ ಯಾವುದೋ ಕೆಳಗಿನ ಡೆಕ್ಕಲ್ಲಿ ಕೆಲಸ ಮಾಡ್ತಿದ್ದ ಅಂದ್ಕೊಂಡ್ರೆ ಆಯ್ತು, 400ಕ್ಕೂ ಹೆಚ್ಚು ಜನ ಇರೋ ಹಡಗು ಅದು.

ಬೆಳಕಿನವರ್ಷ:
ಕ್ಲಿಂಗಾನ್ ಅನ್ನೋ ಅನ್ಯಗ್ರಹದವ್ರ ಹಣೆ ಬಗ್ಗೆ ಯಾರೂ ಹೇಳ್ಲಿಲ್ಲ. ಹಳೇ ಸೀರೀಸಲ್ಲಿ ನುಣ್ಣಗೆ, 1979ರ ಸಿನಿಮಾದಿಂದ ಏಣು ಏಣು. 1996ರಲ್ಲಿ 'ಡೀಪ್ ಸ್ಪೇಸ್ ನೈನ್' ಅನ್ನೋ ಆಮೇಲಿನ ಸೀರೀಸಲ್ಲಿ ವರ್ಫ್ ಅನ್ನೋ ಕ್ಲಿಂಗಾನ್‌ನ ಕೇಳಿದಾಗ ಹೊರಗಿನವ್ರ ಹತ್ರ ನಾವು ಅದನ್ನ ಮಾತಾಡಲ್ಲ ಅಂತಾನೆ, ಅಲ್ಲಿಗೇ ಬಿಡ್ಬೇಕಿತ್ತು. 2005ರಲ್ಲಿ ವೈರಸ್ಸು, ಜೀನ್ಸು ಅಂತ ಎರಡು ಎಪಿಸೋಡು ಖರ್ಚು ಮಾಡಿ ವಿವರಿಸಿದ್ರು. ಮೇಕಪ್ಪಿಗೆ ಮೊದಲು ದುಡ್ಡಿರ್ಲಿಲ್ಲ ಆಮೇಲೆ ಬಂತು, ನಂಗೆ ಅಷ್ಟು ಸಾಕು.

ರಾತ್ರಿಪಾಳಿ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಎರಡನೇ ಪೈಲಟ್ ಪ್ರಸಾರದಲ್ಲಿ ಮೂರನೇದಾಗಿ ಬಂದಿದ್ದು ಅಂತ ಈಗ ನೋಡಿದೆ, ಅಲ್ಲಿ ಮಾತ್ರ ಬಟ್ಟೆ ಬೇರೆ ಥರ ಯಾಕಿತ್ತು ಅಂತ ಈಗ ಅರ್ಥ ಆಯ್ತು. ಇನ್ನು ಮೇಲೆ ಚಿತ್ರೀಕರಣ ಆದ ಕ್ರಮದಲ್ಲೇ ನೋಡ್ತೀನಿ. ಐದನೇಗ್ರಹ ಅವ್ರೇ, ಖಾನ್ ಸಿನಿಮಾಕ್ಕೆ ಬಂದಾಗ ಗ್ರಹ ಎಣಿಸೋ ವಿಷ್ಯ ಮತ್ತೆ ಎತ್ತುತೀನಿ, ಆಗ್ಲೂ ಇಲ್ಲೇ ಇರಿ.